ಕೇಬಲ್ ಲಿಂಕ್ ಐತಿ, ನೆಟ್ ಇಲ್ಲ, ವೈಫೈ ಎಪಿ ಮಾತ್ರ ಎರಡನೇ ಲೈನಿಗೆ ಹೊಳ್ಳವಲ್ದು – ಅಪ್‌ಲಿಂಕ್ ಫೇಲ್‌ಓವರ್ ನೀವು ಹೆಂಗ ಮಾಡೀರಿ?

ಸಪ್ತಾಪುರ_ಓದುಮನಿ (ಧಾರವಾಡ)

ನಮಸ್ಕಾರ್ರಿ ಎಲ್ಲಾರಿಗೂ. ಸಪ್ತಾಪುರದಾಗ ನಮ್ಮದೊಂದು ರೀಡಿಂಗ್ ರೂಮ್ ಐತ್ರಿ, ಪಿಎಸ್‌ಐ, ಕೆಎಎಸ್, ಬ್ಯಾಂಕಿಂಗ್ ಅಂತ ಓದೋ ಹುಡುಗ್ರು ಹುಡುಗ್ಯಾರು ಮುಂಜಾನಿಂದ ರಾತ್ರಿ ತನಕ ಕುಂತಿರ್ತಾರ. ಎರಡು ಅಂತಸ್ತು, ಮೂರು ಅರುಬಾ ಇನ್‌ಸ್ಟಂಟ್ ಎಪಿ (ವೈಫೈ ಬಿಡೋ ಡಬ್ಬಿ) ಅದಾವು, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಚಲೋ ಕೆಲಸ ಮಾಡ್ತಾವು, ಅದರ ಬಗ್ಗೆ ತಕರಾರಿಲ್ಲ. ಫೈಬರ್ ಲೈನ್ ಒಂದ ಐತಿ, ಒಎನ್‌ಟಿ ಡಬ್ಬಿಯಿಂದ (ಫೈಬರ್ ಬಂದು ಸೇರೋ ಡಬ್ಬಿ) ಪಿಒಇ ಸ್ವಿಚ್‌ಗೆ (ಲ್ಯಾನ್ ಕೇಬಲ್‌ನಾಗ ಕರೆಂಟೂ ಕೊಡೋದು), ಸ್ವಿಚ್‌ನಿಂದ ಮೂರೂ ಎಪಿಗೆ ಕೇಬಲ್. ಬ್ಯಾಕಪ್ ಇರ್ಲಿ, ಒಂದು ಲೈನ್ ಸತ್ರ ತಾನ ಇನ್ನೊಂದಕ್ಕ ಹೊಳ್ಳೋ ಫೇಲ್‌ಓವರ್ ಆಗ್ಲಿ ಅಂತ ಕೆಳಗಿನ ಎಪಿ ಹಿಂದಿನ ಯುಎಸ್‌ಬಿಗೆ 4ಜಿ ಡಾಂಗಲ್ ಹಚ್ಚೇನಿ, ಅಪ್‌ಲಿಂಕ್ (ಹೊರಗ ನೆಟ್‌ಗೆ ಹೋಗೋ ಲೈನ್) ಸೆಟ್ಟಿಂಗ್‌ನಾಗ ಈಥರ್ನೆಟ್ ಮೊದಲ್ನೇದು, ಸೆಲ್ಯುಲರ್ ಎರಡನೇದು ಅಂತ ಇಟ್ಟೇನಿ.

ಈಗ ಸಮಸ್ಯೆ ಕೇಳ್ರಿ. ಎಪಿಗೆ ಅಡಾಪ್ಟರ್‌ನಿಂದ ಕರೆಂಟ್ ಕೊಟ್ಟು ಲ್ಯಾನ್ ಕೇಬಲ್ ಕಿತ್ತು ನೋಡಿದ್ರ ಸ್ಟೇಟಸ್ ಪೇಜಿನಾಗ ಸೆಲ್ಯುಲರ್ ಅಂತ ಬರೋಬ್ಬರಿ ತೋರಸ್ತೈತಿ. ಆದ್ರ ಮೊನ್ನೆ ನಮ್ಮ ಓಣ್ಯಾಗ ರೋಡ್ ಅಗಿಯಾಕ ಬಂದವರು ಫೈಬರ್ ಕಟ್ ಮಾಡಿದ್ರು, ಒಎನ್‌ಟಿ ಮ್ಯಾಲಿನ ಎಲ್‌ಒಎಸ್ ಲೈಟ್ ಕೆಂಪಗ ಮಿಣುಕಾಕತ್ತಿತ್ತು, ನೆಟ್ ಪೂರ್ತಿ ಸತ್ತಿತ್ತು, ಎಪಿ ಮಾತ್ರ ಏನೂ ಆಗೇ ಇಲ್ಲ ಅನ್ನೋ ಹಂಗ ಈಥರ್ನೆಟ್ ಮ್ಯಾಲೆ ಕುಂತಿತ್ತು. ಡಾಂಗಲ್ ಸುಮ್ನ ಬೆಚ್ಚಗ ಆಗಿದ್ದಷ್ಟ. ರವಿವಾರ ರವಿವಾರ ಇಲ್ಲಿ ಆನ್‌ಲೈನ್ ಮಾಕ್ ಟೆಸ್ಟ್ ಇರ್ತಾವು, ಅದರಾಗ ಹಿಂಗಾದ್ರ ಹುಡುಗ್ರು ನನ್ನ ಬಿಡಂಗಿಲ್ಲ. ಏನ್ ಮಾಡ್ಬೇಕು ಹೇಳ್ರಿ.

ಗೋಕುಲರೋಡ್_ನೆಟ್ (ಹುಬ್ಬಳ್ಳಿ)

ಇದು ಎಲ್ಲಾರ ಕಡೇನೂ ಆಗೋದ ರೀ. ನೀವು ಕೇಬಲ್ ಕಿತ್ತಾಗ ಎಪಿಯ ಪೋರ್ಟ್ ಡೌನ್ ಆಗ್ತೈತಿ, ಅದು ಅದಕ್ಕ ತಿಳೀತೈತಿ. ಫೈಬರ್ ಹೊರಗ ಕಟ್ಟಾದಾಗ ಎಪಿಗೂ ಸ್ವಿಚ್ಚಿಗೂ ನಡುವಿನ ಕೇಬಲ್‌ಗೆ ಏನಾಗೇತಿ? ಏನೂ ಆಗಿಲ್ಲ. ಸ್ವಿಚ್ ಆನ್ ಐತಿ, ಒಎನ್‌ಟಿ ಆನ್ ಐತಿ, ಡಿಎಚ್‌ಸಿಪಿಯಿಂದ ಐಪಿನೂ ಕೊಟ್ಟೈತಿ, ಗೇಟ್‌ವೇ (ಹೊರಗ ಹೋಗೋ ಬಾಗಲ, ಇಲ್ಲಿ ಒಎನ್‌ಟಿನ) ಪಿಂಗ್‌ಗೂ (ಇದ್ದೀಯೇನು ಅಂತ ಕೇಳೋ ಸಣ್ಣ ಪ್ಯಾಕೆಟ್) ಉತ್ತರ ಕೊಡ್ತೈತಿ. ಬಾಗಲ ಗಟ್ಟಿ ಐತಿ ಅಂದ್ರ ಓಣಿ ತುದಿಗೆ ರಸ್ತಾ ಐತಿ ಅಂತಲ್ಲ.

ಎಪಿಗೆ ಹೊರಗಿನ ಯಾವುದರ ಐಪಿ ಪಿಂಗ್ ಮಾಡಿ ನೋಡು ಅಂತ ಹೇಳ್ಬೇಕು. ಇನ್‌ಸ್ಟಂಟ್‌ದಾಗ ಸಿಸ್ಟಮ್ ಒಳಗ ಅಪ್‌ಲಿಂಕ್ ಅಂತ ಇರ್ತೈತಿ, ಅಡ್ವಾನ್ಸ್ಡ್ ತೋರ್ಸು ಅಂತ ಒತ್ತಿದ್ರ ಇಂಟರ್ನೆಟ್ ಫೇಲ್‌ಓವರ್ ಅಂತ ಬರ್ತೈತಿ, ಅದನ್ನ ಆನ್ ಮಾಡ್ರಿ. ಅದು 8.8.8.8 (ಗೂಗಲ್‌ನ ಸರ್ವರ್) ಪಿಂಗ್ ಮಾಡ್ಕೋತ ಇರ್ತೈತಿ, ಬೇಕಂದ್ರ ಬ್ಯಾರೆ ಐಪಿ ಕೊಡಬಹುದು. ಅಲ್ಲೇ ಬಾಜೂಕ ಎರಡು ನಂಬರ್ ಇರ್ತಾವು, ಎಷ್ಟು ಸೆಕೆಂಡಿಗೊಂದು ಪ್ಯಾಕೆಟ್, ಎಷ್ಟು ಪ್ಯಾಕೆಟ್ ಹೋದ್ರ ಲೈನ್ ಸತ್ತೈತಿ ಅಂತ ತಿಳ್ಕೋಬೇಕು. ಎರಡನ್ನೂ ಗುಣಿಸಿ ನೋಡ್ರಿ ಮೊದಲ. 30 ಸೆಕೆಂಡಿಗೊಂದು, 10 ಹೋಗಬೇಕು ಅಂತ ಇದ್ರ 5 ನಿಮಿಷ ಆತು, ಅಷ್ಟೊತ್ತಿಗೆ ನಿಮ್ಮ ಟೆಸ್ಟ್ ಮುಗದ ಹೋಗಿರ್ತೈತಿ. 5 ಸೆಕೆಂಡು, 5 ಪ್ಯಾಕೆಟ್ ಅಂತ ಇಟ್ರ ಅರ್ಧ ನಿಮಿಷದೊಳಗ ಗೊತ್ತಾಗ್ತೈತಿ.

ಮತ್ತ ಎನ್‌ಫೋರ್ಸ್ ಅಪ್‌ಲಿಂಕ್ ಅನ್ನೋದು ನನ್ (None, ಯಾವುದೂ ಅಲ್ಲ) ಅಂತ ಇರ್ಬೇಕು ನೋಡ್ರಿ. ಅಲ್ಲಿ ಈಥರ್ನೆಟ್ ಅಂತ ಆರಿಸಿದ್ರ ಈಥರ್ನೆಟ್ ಸತ್ತರೂ ಅದ ಗತಿ, ಬ್ಯಾರೆ ಕಡೆ ಹೋಗೂದಿಲ್ಲ. ಸೆಕೆಂಡ್ ಹ್ಯಾಂಡ್ ಅಂದ್ರಿ, ಹಿಂದಿನವರು ಏನೇನ್ ಮಾಡಿಟ್ಟಾರೋ.

ಮಿರ್ಚಿಭಜಿ_ಪ್ರೇಮಿ (ಹುಬ್ಬಳ್ಳಿ)

ರೋಡ್ ಅಗಿಯೋರಿಗೆ ಫೇಲ್‌ಓವರ್ ಇಲ್ರಿ, ಅವರು ಎರಡೂ ಲೈನ್ ಒಂದ ಹೊಡ್ತಕ್ಕ ಕಟ್ ಮಾಡ್ತಾರ 😄

ಸಪ್ತಾಪುರ_ಓದುಮನಿ

ಗೋಕುಲರೋಡ್ ಅಣ್ಣಾರ, ಭಾಳ ಥ್ಯಾಂಕ್ಸ್. ಇಂಟರ್ನೆಟ್ ಫೇಲ್‌ಓವರ್ ಆಫ್ ಇತ್ತು, ಆನ್ ಮಾಡಿದೆ, ಎನ್‌ಫೋರ್ಸ್ ನನ್ ಅಂತನ ಐತಿ. ಒಎನ್‌ಟಿಯೊಳಗ ಲಾಗಿನ್ ಆಗಿ ಪಿಪಿಪಿಒಇ (ಫೈಬರ್ ಕಂಪನಿಯ ಲಾಗಿನ್) ಡಿಸ್‌ಕನೆಕ್ಟ್ ಮಾಡಿ ನೋಡಿದೆ, ಎಪಿ ಸ್ವಲ್ಪ ಹೊತ್ತಿನ ಮ್ಯಾಲೆ ಸೆಲ್ಯುಲರ್‌ಗೆ ಹೋತು. ಎಪಿ ಒಳಗಿಂದ ಪಿಂಗ್ ಹೊಡೆದ್ರ ಹೊರಗ ಹೋಗಾಕತ್ತೈತಿ. ಆದ್ರ ವೈಫೈ ಹಚ್ಚಿದ ಮೊಬೈಲ್‌ಗೆ, ಲ್ಯಾಪ್‌ಟಾಪ್‌ಗೆ ನೆಟ್ ಬರವಲ್ದು! ವೈಫೈ ಗುರ್ತು ಐತಿ, ಮುಂದ ಆಶ್ಚರ್ಯ ಚಿಹ್ನೆ. ಇದೇನ್ ವಿಚಿತ್ರ?

ತಾರಿಹಾಳ_ಐಟಿ (ಹುಬ್ಬಳ್ಳಿ)

ವಿಚಿತ್ರ ಏನಿಲ್ಲ. ನಿಮ್ಮ ಎಸ್‌ಎಸ್‌ಐಡಿಯಲ್ಲಿ (ವೈಫೈ ಹೆಸರು) ಕ್ಲೈಂಟ್ ಐಪಿ ಅಸೈನ್‌ಮೆಂಟ್ ನೆಟ್‌ವರ್ಕ್ ಅಸೈನ್ಡ್ ಅಂತ ಇರಬೇಕು, ಚೆಕ್ ಮಾಡಿ. ಅಂದ್ರೆ ಎಪಿ ಬರೀ ಬ್ರಿಡ್ಜ್, ಪ್ಯಾಕೆಟ್ ದಾಟಿಸೋ ಸೇತುವೆ ಅಷ್ಟೇ, ಹುಡುಗರ ಮೊಬೈಲ್‌ಗೆ ಐಪಿ ಕೊಡೋದು ಒಎನ್‌ಟಿ, ಗೇಟ್‌ವೇನೂ ಒಎನ್‌ಟಿ. ಎಪಿ ತನ್ನ ಮಟ್ಟಿಗೆ 4ಜಿಗೆ ಹೋಯ್ತು, ತಾನು ಹೊರಗೆ ಹೋಗ್ತಿದೆ, ಆದರೆ ಮೊಬೈಲ್ ಇನ್ನೂ ಎಲ್ಲಾ ಪ್ಯಾಕೆಟ್‌ನೂ ಸತ್ತುಹೋದ ಲೈನಿನ ಒಎನ್‌ಟಿಗೇ ಕಳಿಸ್ತಿದೆ. ಅದನ್ನ ವರ್ಚುವಲ್ ಕಂಟ್ರೋಲರ್ ಅಸೈನ್ಡ್ ಅಂತ ಮಾಡಿದ್ರೆ ಎಪಿಗಳ ಗುಂಪಿನಲ್ಲಿ ಮಾಸ್ಟರ್ ಆಗಿರೋದೇ ಐಪಿ ಕೊಟ್ಟು ನ್ಯಾಟ್ (ಎಲ್ಲರ ಪ್ಯಾಕೆಟ್‌ನೂ ತನ್ನ ಐಪಿಯಿಂದ ಹೊರಗೆ ಕಳಿಸೋದು) ಮಾಡುತ್ತೆ, ಆಗ ಗೇಟ್‌ವೇ ಎಪಿಯೇ ಆಗೋದರಿಂದ ಅಪ್‌ಲಿಂಕ್ ಬದಲಾದ್ರೂ ಮೊಬೈಲ್‌ಗೆ ಏನೂ ತಿಳಿಯಲ್ಲ. ಡಾಂಗಲ್ ಇರೋ ಎಪಿಯೇ ಮಾಸ್ಟರ್ ಆಗಿರಬೇಕು ಅನ್ನೋದನ್ನೂ ನೋಡ್ಕೊಳ್ಳಿ, ಇಲ್ಲಾಂದ್ರೆ ಅದಕ್ಕೆ ಪ್ರಿಫರ್ಡ್ ಅಂತ ಟಿಕ್ ಹಾಕಿ.

ಆದ್ರೆ ನನ್ನನ್ನ ಕೇಳಿದ್ರೆ ಈ ಕೆಲಸ ಎಪಿ ಕೈಲಿ ಮಾಡಿಸಬಾರದು. ಎಪಿ ಇರೋದು ರೇಡಿಯೋ ನೋಡ್ಕೊಳ್ಳೋಕೆ. ಎರಡು ವ್ಯಾನ್ ಪೋರ್ಟ್ (ಹೊರಗಿನ ಲೈನ್ ಹಾಕೋ ಪೋರ್ಟ್) ಇರೋ ಒಂದು ಸಣ್ಣ ರೂಟರ್ ಹಾಕಿ, ಟಿಪಿ-ಲಿಂಕ್ ಇಆರ್605 ಆಗಲಿ, ಮೈಕ್ರೋಟಿಕ್ ಆಗಲಿ, ಹಳೇ ರೂಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿ ಅದರ ಎಂವ್ಯಾನ್3 (ಎರಡು ಲೈನ್ ನೋಡ್ಕೊಳ್ಳೋ ಪ್ಯಾಕೇಜ್) ಆಗಲಿ. ಫೈಬರೂ 4ಜಿನೂ ಅದಕ್ಕೆ ಬರಲಿ, ಎಪಿ ಮೂರೂ ಬ್ರಿಡ್ಜ್ ಆಗಿ ಅದರ ಕೆಳಗೆ ಇರಲಿ. ನಾಳೆ ಎಪಿ ಕಂಪನಿ ಬದಲಾಯಿಸಿದ್ರೂ ಫೇಲ್‌ಓವರ್ ಹಾಗೇ ಇರುತ್ತೆ.

ಗೋಕುಲರೋಡ್_ನೆಟ್

ಅದು ಖರೇ, ಆದ್ರ ಅವರ ಹತ್ರ ಇರೋ ಸಾಮಾನಿನಾಗ ಆಗ್ತೈತಿ ಅಂದ್ರ ಮತ್ತೊಂದು ಡಬ್ಬಿ, ಮತ್ತೊಂದು ಅಡಾಪ್ಟರ್, ಮತ್ತೊಂದು ಪಾಸ್‌ವರ್ಡ್ ಯಾಕ ಬೇಕ್ರಿ? ಒಂದ ಎಪಿ ಇರೋ ಅಂಗಡಿಗೆ, ಸಣ್ಣ ಬ್ರಾಂಚ್ ಆಫೀಸಿಗೆ ಎಪಿ ಮ್ಯಾಲಿನ ಡಾಂಗಲ್ ಬೆಸ್ಟ್. ಮೂರು ಎಪಿ, 60 ಮಂದಿ ಅಂದಾಗ ನಿಮ್ಮ ಮಾತಿಗೆ ತೂಕ ಬರ್ತೈತಿ, ಯಾಕಂದ್ರ ಎಲ್ಲಾರ ನ್ಯಾಟೂ ಒಂದ ಎಪಿ ಮಾಡ್ಬೇಕು, ಬಾಕಿ ಎರಡು ಎಪಿಯ ಟ್ರಾಫಿಕ್ಕೂ ಅದರ ಮುಖಾಂತರನ ಹೋಗಬೇಕು. ಆ ಎಪಿಗೆ ಏನರ ಆತು ಅಂದ್ರ ಡಾಂಗಲೂ ಹೋತು, ಮಾಸ್ಟರೂ ಹೋತು.

ಇನ್ನೊಂದು, ಡಾಂಗಲ್ ಹಚ್ಚೋರು ಪಿಒಇ ಸ್ವಿಚ್ ಯಾವುದು ಅಂತ ನೋಡ್ಕೊರಿ. 802.3ಎಎಫ್ ಅಂದ್ರ ಪೋರ್ಟಿಗೆ 15.4 ವ್ಯಾಟ್, ಎಟಿ ಅಂದ್ರ 30. ಭಾಳ ಎಪಿ ಮಾಡೆಲ್‌ಗಳು ಎಎಫ್ ಪವರ್ ಮ್ಯಾಲೆ ಯುಎಸ್‌ಬಿ ಪೋರ್ಟ್ ಬಂದ್ ಮಾಡ್ಕೊಂಡ ಏಳ್ತಾವು. ಡಾಂಗಲ್ ಕೆಟ್ಟೈತಿ ಅಂತ ಬದಲಿ ತರೋರನ್ನ ನೋಡೀನಿ.

ಮೆಣಸಿನಕಾಯಿ_ಬ್ಯಾಡಗಿ (ಹಾವೇರಿ ಜಿಲ್ಲಾ)

4ಜಿ ಬ್ಯಾಕಪ್ ಅಂತ ಎಲ್ಲಾರೂ ಹೇಳಾಕತ್ತೀರಿ, ನಮ್ಮೂರಿಗೆ ಬಂದು ಮಾರ್ಕೆಟ್ ದಿನ ನೋಡ್ರಿ ಸ್ವಲ್ಪ. ನಮ್ಮದು ದಲಾಲಿ ಅಂಗಡಿ, ಇ-ಟೆಂಡರ್ ಐತಿ, ರೇಟ್ ಹಾಕೋ ಟೈಮ್ ಮುಗೀತಂದ್ರ ಮುಗೀತು, ಯಾರೂ ನಮ್ಮ ಸಲುವಾಗಿ ಕಾಯಂಗಿಲ್ಲ. ಸೀಜನ್‌ನಾಗ ಆಂಧ್ರದ ಕಡಿಂದ, ಬಳ್ಳಾರಿ ರಾಯಚೂರ ಕಡಿಂದ ಲಾರಿ, ರೈತರು, ಖರೀದಿದಾರ್ರು, ಹಮಾಲ್ರು, ಎಲ್ಲಾರ ಕೈಯಾಗೂ ಮೊಬೈಲ್, ಟವರ್ ಮ್ಯಾಲೆ ಅಷ್ಟೂ ಭಾರ. ಡಾಂಗಲ್‌ನಾಗ ಸಿಗ್ನಲ್ ಫುಲ್ ಕಡ್ಡಿ ಇರ್ತೈತಿ, ಪೇಜ್ ಓಪನ್ ಆಗಂಗಿಲ್ಲ. ಪಿಂಗ್ ಹೋಗಿ ಬರ್ತೈತಿ, ಅದಕ್ಕ ರೂಟರ್‌ಗೆ ಲೈನ್ ಚಲೋ ಐತಿ ಅಂತ ಅನಸ್ತೈತಿ.

ನಾವು ಮಾಡಿದ್ದು ಏನಂದ್ರ ನಮ್ಮ ಕಾಕಾನ ಕೋಲ್ಡ್ ಸ್ಟೋರೇಜ್ ಕಡೆ ಬ್ಯಾರೆ ಕಂಪನಿ ಫೈಬರ್ ಇತ್ತು, ಅಲ್ಲಿಂದ ನಮ್ಮ ಅಂಗಡಿ ಮಾಳಗಿಗೆ ನೇರ ಕಾಣ್ತೈತಿ, ಎರಡು ಕಡೆ 5 ಗಿಗಾಹರ್ಟ್ಜ್ ಪಾಯಿಂಟ್ ಟು ಪಾಯಿಂಟ್ ರೇಡಿಯೋ ಹಾಕಿದ್ವಿ. 2018ರಾಗ ಸರ್ಕಾರ 5 ಗಿಗಾಹರ್ಟ್ಜ್ ಬ್ಯಾಂಡ್‌ನ ದೊಡ್ಡ ಭಾಗ ಲೈಸೆನ್ಸ್ ಬೇಡ ಅಂತ ಮಾಡೇತಿ, ಹೊರಗೂ ಹಾಕಬಹುದು, ಪವರ್ ಮಿತಿ ಒಳಗ ಇರ್ಬೇಕಷ್ಟ. ಈಗ ಅದ ನಮ್ಮ ಎರಡನೇ ಅಪ್‌ಲಿಂಕ್, 4ಜಿ ಮೂರನೇದು.

ಉಣಕಲ್_ಕೆರಿದಂಡಿ (ಹುಬ್ಬಳ್ಳಿ)

ಬ್ಯಾಡಗಿ ಸಾಹೇಬ್ರ, ಚಾನೆಲ್ ಯಾವುದು ಇಟ್ಟೀರಿ? 52ರಿಂದ 144ರ ತನಕ ಡಿಎಫ್‌ಎಸ್ ಚಾನೆಲ್ ಅವು. ರಾಡಾರ್ ಗುರ್ತು ಸಿಕ್ಕ ಕೂಡಲೆ ರೇಡಿಯೋ ಆ ಚಾನೆಲ್ ಬಿಟ್ಟು ಹೋಗಬೇಕು, ಹೊಸಾ ಚಾನೆಲ್ಲೂ ಡಿಎಫ್‌ಎಸ್ ಇತ್ತಂದ್ರ ಕನಿಷ್ಠ 60 ಸೆಕೆಂಡ್ ಸುಮ್ನ ಕೇಳಿ ಆಮ್ಯಾಲ ಶುರು ಮಾಡ್ತೈತಿ. ಬ್ಯಾಕಪ್ ಲೈನ್ ಬೇಕಾದ ಟೈಮಿಗೇ ಹಿಂಗಾದ್ರ ಕಥಿ ಮುಗೀತು. 149ರಿಂದ 161ರೊಳಗ ಯಾವುದರ ಇಡ್ರಿ.

ವೈಫೈ ಅಪ್‌ಲಿಂಕ್, ಮೆಶ್ (ಕೇಬಲ್ ಇಲ್ಲದ ಎಪಿಯಿಂದ ಎಪಿಗೆ ವೈಫೈ) ಮಾಡೋರಿಗೂ ಇದ ಮಾತು. ಅಲ್ಲಿ ಇನ್ನೊಂದು ತೊಡಕೈತಿ, ಒಂದ ರೇಡಿಯೋದಾಗ ಮ್ಯಾಲಿನ ಎಪಿ ಜೊತೀನೂ ಮಾತಾಡ್ಬೇಕು, ಕೆಳಗಿನ ಮೊಬೈಲ್ ಜೊತೀನೂ ಮಾತಾಡ್ಬೇಕು, ಎರಡೂ ಒಂದ ಚಾನೆಲ್, ಅದಕ್ಕ ಸ್ಪೀಡ್ ಅರ್ಧಕ್ಕರ್ಧ ಹೋಗ್ತೈತಿ, ಇನ್ನೊಂದು ಹಾಪ್ ಆದ್ರ ಮತ್ತ ಅರ್ಧ. ನಡುವಿನ ಸಿಗ್ನಲ್ ಮೈನಸ್ 65 ಡಿಬಿಎಂ ಕಿಂತ ಚಲೋ ಇಲ್ಲಂದ್ರ ಅದನ್ನ ಬ್ಯಾಕಪ್ ಅಂತ ನಂಬಬ್ಯಾಡ್ರಿ.

ಬೆಟಗೇರಿ_ಪ್ರೆಸ್ (ಗದಗ)

ನಂದು ಸ್ವಲ್ಪ ಬ್ಯಾರೆ ತ್ರಾಸು, ಇಲ್ಲೇ ಕೇಳ್ತೇನಿ. ನಮ್ಮದು ಪ್ರಿಂಟಿಂಗ್ ಪ್ರೆಸ್. ಡಿಸೈನ್ ಮಾಡೋ ಹುಡುಗ್ರು ಮ್ಯಾಲ, ಪ್ಲೇಟ್ ಸೆಕ್ಷನ್ ಕೆಳಗ, ಫೈಲ್ ಎಲ್ಲಾ ಒಳಗಿನ ಸರ್ವರ್‌ನಾಗನ ಇರ್ತಾವು, ಇಂಟರ್ನೆಟ್ ಇಲ್ಲದಿದ್ರೂ ನಡೀಬೇಕು. ಹಂಗಿದ್ರೂ ರೂಟರ್ ಬಂದ್ ಆದ್ರ ಸಾಕು, ವೈಫೈ ಹೆಸರ ಕಾಣೆ ಆಗ್ತೈತಿ. ಎಪಿ ಆನ್ ಐತಿ, ಲೈಟ್ ಐತಿ, ಆದ್ರ ಎಸ್‌ಎಸ್‌ಐಡಿ ಇಲ್ಲ. ಮದುವಿ ಸೀಜನ್‌ನಾಗ ಲಗ್ನಪತ್ರಿಕಾ ರಾಶಿ ಬಿದ್ದಿರ್ತಾವು, ಗಿರಾಕಿ ಬಾಗಲಾಗ ನಿಂತಿರ್ತಾರ, ಒಳಗಿನ ಫೈಲ್ ತಗಿಯಾಕ ಆಗವಲ್ದು ಅಂದ್ರ ಏನ್ ಹೇಳೋದು ಅವರಿಗೆ.

ತಾರಿಹಾಳ_ಐಟಿ

ಅದು ಕೆಟ್ಟಿರೋದಲ್ಲ ಸರ್, ಬೇಕಂತಲೇ ಇಟ್ಟಿರೋ ಗುಣ. ಎಪಿ ಗೇಟ್‌ವೇಗೆ ಆಗಾಗ ತಲುಪಿ ನೋಡುತ್ತೆ, ತಲುಪದಿದ್ರೆ ‘ನನ್ನ ಅಪ್‌ಲಿಂಕ್ ಹೋಗಿದೆ, ಜನ ನನಗೆ ಕನೆಕ್ಟ್ ಆಗೋದು ಬೇಡ, ಪಕ್ಕದ ಎಪಿಗೆ ಹೋಗಲಿ’ ಅಂತ ಎಸ್‌ಎಸ್‌ಐಡಿ ಮುಚ್ಚುತ್ತೆ, ತಾನು ವೈರ್‌ಲೆಸ್ ಅಪ್‌ಲಿಂಕ್ ಹುಡುಕುತ್ತೆ. ಯುನಿಫೈನ ಹಳೇ ವರ್ಷನ್‌ಗಳಲ್ಲಿ ಇದರ ಹೆಸರು ಅಪ್‌ಲಿಂಕ್ ಕನೆಕ್ಟಿವಿಟಿ ಮಾನಿಟರ್, ಬೇರೆ ಕಂಪನಿಗಳಲ್ಲಿ ಬೇರೆ ಬೇರೆ ಹೆಸರು. ದೊಡ್ಡ ಕಟ್ಟಡದಲ್ಲಿ ಒಂದು ಎಪಿಯ ಕೇಬಲ್ ಮಾತ್ರ ಹೋದಾಗ ಇದು ಬಹಳ ಒಳ್ಳೇದು. ನಿಮ್ಮಲ್ಲಿ ಕೆಲಸ ಎಲ್ಲಾ ಒಳಗಿನ ಸರ್ವರ್‌ದು, ಅಲ್ಲಿ ಇದೇ ಉಪದ್ರ. ಎರಡು ದಾರಿ ಇದೆ. ಮಾನಿಟರ್ ಮಾಡೋ ಐಪಿಯನ್ನ ಗೇಟ್‌ವೇ ಬದಲು ನಿಮ್ಮ ಫೈಲ್ ಸರ್ವರ್ ಐಪಿ ಅಂತ ಕೊಡಿ, ಇಲ್ಲಾ ಮೆಶ್ ಬೇಡ ಅಂದ್ರೆ ಪೂರ್ತಿ ಆಫ್ ಮಾಡಿ. ಡಿಎಚ್‌ಸಿಪಿ ಕೊಡ್ತಿರೋದು ರೂಟರ್ರೇ ಆಗಿದ್ರೆ ಅದನ್ನೂ ಸರ್ವರ್‌ಗೆ ಹಾಕ್ಕೊಳ್ಳಿ, ಇಲ್ಲಾಂದ್ರೆ ವೈಫೈ ಕಂಡ್ರೂ ಹೊಸದಾಗಿ ಬರೋ ಲ್ಯಾಪ್‌ಟಾಪ್‌ಗೆ ಐಪಿ ಸಿಗಲ್ಲ.

ಬೆಟಗೇರಿ_ಪ್ರೆಸ್

ಸರ್ವರ್ ಐಪಿ ಹಾಕಿದೆ, ರೂಟರ್ ಬಂದ್ ಮಾಡಿದ್ರೂ ಎಸ್‌ಎಸ್‌ಐಡಿ ನಿಂತೈತಿ. ಬದುಕಿದೆ ರೀ. ಡಿಎಚ್‌ಸಿಪಿ ಕೆಲಸ ರಾತ್ರಿ ಮಾಡ್ತೇನಿ, ಈಗ ಮಷಿನ್ ಓಡಾಕತ್ತಾವು.

ನವನಗರದವ (ಹುಬ್ಬಳ್ಳಿ)

ನಾ ಒಂದು ಕೇಳ್ಲ್ಯಾ. ಎಪಿಗೆ ಎರಡು ಈಥರ್ನೆಟ್ ಪೋರ್ಟ್ ಅದಾವು. ಎರಡೂ ಪೋರ್ಟಿಂದ ಎರಡು ಸ್ವಿಚ್ಚಿಗೆ ಕೇಬಲ್ ಎಳದ್ರ ಅದೂ ಫೇಲ್‌ಓವರ್ ಆಗಂಗಿಲ್ಲೇನು?

ಉಣಕಲ್_ಕೆರಿದಂಡಿ

ಆಗ್ತೈತಿ, ಆದ್ರ ಮೊದಲ ಎರಡನೇ ಪೋರ್ಟ್ ಅಪ್‌ಲಿಂಕ್ ಐತೋ ಬರೀ ಪ್ರಿಂಟರ್ ಗಿಂಟರ್ ಹಚ್ಚೋ ಡೌನ್‌ಲಿಂಕ್ ಪೋರ್ಟೋ ನೋಡ್ರಿ. ಎಷ್ಟೋ ಎಪಿಯೊಳಗ ಎರಡೂ ಪೋರ್ಟ್ ಒಳಗ ಬ್ರಿಡ್ಜ್ ಆಗಿರ್ತಾವು, ಎರಡೂ ಸ್ವಿಚ್ಚಿಗೆ ಹಚ್ಚಿದ್ರಿ ಅಂದ್ರ ಲೂಪ್, ಬ್ರಾಡ್‌ಕಾಸ್ಟ್ ತಿರಗಿ ತಿರಗಿ ಇಡೀ ಆಫೀಸ್ ನೆಟ್ ಮಲಗ್ತೈತಿ. ಎಲ್‌ಎಸಿಪಿ ಇರೋ ಮಾಡೆಲ್ ಇದ್ರ ಎರಡು ಪೋರ್ಟ್ ಕೂಡಿಸಿ ಒಂದ ಸ್ವಿಚ್ಚಿಗೆ ಇಲ್ಲಾ ಸ್ಟ್ಯಾಕ್ ಮಾಡಿದ ಸ್ವಿಚ್ಚಿಗೆ ಹಚ್ರಿ. ಸ್ಪ್ಯಾನಿಂಗ್ ಟ್ರೀ (ಸ್ವಿಚ್‌ನಾಗ ಲೂಪ್ ತಡಿಯೋ ಸೆಟ್ಟಿಂಗ್) ಆನ್ ಇರ್ಲಿ, ಹಳೇ ಎಸ್‌ಟಿಪಿ ಇದ್ರ ಹೊಳ್ಳಾಕ 30ರಿಂದ 50 ಸೆಕೆಂಡ್ ತಗೋತೈತಿ, ಆರ್‌ಎಸ್‌ಟಿಪಿ ಇಟ್ರ ಭಾಳ ಲಗೂನ ಆಗ್ತೈತಿ. ಮೆಶ್ ಎಪಿಗೆ ಯಾರರ ಕೇಬಲ್ಲೂ ಹಚ್ಚಿದ್ರ ಇದ ಲೂಪ್ ತಾಪತ್ರಯ ಬರ್ತೈತಿ, ನೆನಪಿರ್ಲಿ.

ಸಪ್ತಾಪುರ_ಓದುಮನಿ

ಎಲ್ಲಾ ಓದಿದೆ. ವಿಚಾರ ಮಾಡಿ ತಾರಿಹಾಳ ಸರ್ ಹೇಳಿದಂಗ ರೂಟರ್ ದಾರಿ ಹಿಡಿದೆ, ಗೆಳೆಯಾ ಒಬ್ಬನ ಕಡೆ ಮೈಕ್ರೋಟಿಕ್ ಸುಮ್ನ ಬಿದ್ದಿತ್ತು. ಫೈಬರ್‌ಗೆ ಡಿಸ್ಟನ್ಸ್ 1, ಸಿಮ್ ಹಾಕೋ ಬ್ಯಾರೆ 4ಜಿ ಡಬ್ಬಿಗೆ ಡಿಸ್ಟನ್ಸ್ 2 (ಸಣ್ಣ ನಂಬರಿನ ಲೈನಿಗೆ ಮೊದಲ ಮಾನ), ಚೆಕ್-ಗೇಟ್‌ವೇ ಪಿಂಗ್ ಅಂತ ಹಾಕೇನಿ. ಇಷ್ಟ ಸಾಕಲ್ರಿ?

ತಾರಿಹಾಳ_ಐಟಿ

ಸಾಲಲ್ಲ, ಮೊದಲಿದ್ದ ಜಾಗಕ್ಕೇ ಬಂದ್ರಿ. ಚೆಕ್-ಗೇಟ್‌ವೇ 10 ಸೆಕೆಂಡಿಗೊಮ್ಮೆ ಪಿಂಗ್ ಮಾಡುತ್ತೆ, ಎರಡು ಸಲ ಉತ್ತರ ಬರದಿದ್ರೆ ಆ ರೂಟ್ ತೆಗೀತೆ, ಅದು ಸರಿ. ಆದ್ರೆ ಪಿಂಗ್ ಹೋಗೋದು ಗೇಟ್‌ವೇಗೆ, ನಿಮ್ಮ ಗೇಟ್‌ವೇ ಅಂದ್ರೆ ಅದೇ ಮೇಜಿನ ಮೇಲಿರೋ ಒಎನ್‌ಟಿ. ರಿಕರ್ಸಿವ್ ರೂಟ್ ಮಾಡಿ. ಮೊದಲು 8.8.8.8 ಒಂದೇ ಐಪಿಗೆ ಒಂದು ರೂಟ್, ಗೇಟ್‌ವೇ ಒಎನ್‌ಟಿ, ಸ್ಕೋಪ್ 10. ಆಮೇಲೆ ಡೀಫಾಲ್ಟ್ ರೂಟಿನ ಗೇಟ್‌ವೇ ಜಾಗದಲ್ಲಿ 8.8.8.8 ಅಂತ ಕೊಟ್ಟು ಚೆಕ್-ಗೇಟ್‌ವೇ ಪಿಂಗ್, ರೂಟರ್‌ಓಎಸ್ 7 ಆಗಿದ್ರೆ ಟಾರ್ಗೆಟ್-ಸ್ಕೋಪ್ 11. ಈಗ ಪಿಂಗ್ ಹೋಗೋದು ಫೈಬರ್ ದಾಟಿ ಆಚೆಗೆ.

ಒಂದು ಗುಂಡಿ ಇದೆ ಇಲ್ಲಿ, ಎಷ್ಟೋ ಜನ ಬೀಳ್ತಾರೆ. 8.8.8.8 ಅನ್ನ ಫೈಬರ್‌ಗೆ ಕಟ್ಟಿಹಾಕಿದ್ದೀರಿ, ಫೈಬರ್ ಸತ್ತಾಗಲೂ ಅದಕ್ಕೆ ಹೋಗೋ ಪ್ಯಾಕೆಟ್ ಎಲ್ಲಾ ಫೈಬರ್ ಕಡೆಗೇ ಹೋಗುತ್ತೆ. ಹುಡುಗರ ಮೊಬೈಲ್‌ಗೆ ಡಿಎನ್‌ಎಸ್ (ಸೈಟಿನ ಹೆಸರಿಗೆ ಐಪಿ ಹುಡುಕಿ ಕೊಡೋ ಸರ್ವರ್) ಕೂಡ 8.8.8.8 ಅಂತಲೇ ಕೊಟ್ಟಿದ್ರೆ 4ಜಿಗೆ ಹೋದ ಮೇಲೆ ಲೈನ್ ಇದೆ, ಹೆಸರು ಮಾತ್ರ ತಿಳಿಯಲ್ಲ, ಯಾವ ಸೈಟೂ ಓಪನ್ ಆಗಲ್ಲ. ಅದಕ್ಕೇ ಪಿಂಗ್‌ಗೆ ಒಂದು ಐಪಿ, ಡಿಎನ್‌ಎಸ್‌ಗೆ ಬೇರೆ ಐಪಿ ಇಡಿ. ಫೈಬರ್ ಕಂಪನಿಯದೇ ಡಿಎನ್‌ಎಸ್ ಕೊಡೋದೂ ಬೇಡ, ಅದಕ್ಕೆ ಎಷ್ಟೋ ಸಲ ಅವರ ಗಿರಾಕಿಗಳಿಗೆ ಮಾತ್ರ ಉತ್ತರ ಕೊಡೋ ಹಾಗೆ ಇರುತ್ತೆ.

ಗೋಕುಲರೋಡ್_ನೆಟ್

ಒಂದ ಐಪಿ ನಂಬಬ್ಯಾಡ್ರಿ ಅಂತ ನಾನೂ ಹೇಳ್ತೇನಿ. ಪಬ್ಲಿಕ್ ಡಿಎನ್‌ಎಸ್ ಸರ್ವರ್‌ಗಳು ನಿಮ್ಮ ಪಿಂಗ್‌ಗೆ ಉತ್ತರ ಕೊಡಾಕ ಕುಂತಿಲ್ಲ, ಒಮ್ಮೊಮ್ಮೆ ಬಿಟ್ಟು ಬಿಡ್ತಾವು, ಲೈನ್ ಚಲೋ ಇದ್ರೂ ಸುಮ್ನ 4ಜಿಗೆ ಹೊಳ್ಳತೈತಿ. ಎಂವ್ಯಾನ್3 ಒಳಗ ಇದು ಚಲೋ ಐತಿ, ಟ್ರ್ಯಾಕ್ ಐಪಿ ಎರಡು ಮೂರು ಕೊಟ್ಟು ರಿಲಯಬಿಲಿಟಿ 1 ಅಂತ ಇಟ್ರ ಅದರಾಗ ಒಂದು ಉತ್ತರ ಕೊಟ್ರೂ ಲೈನ್ ಜೀವಂತ ಅಂತ ತಿಳ್ಕೋತೈತಿ. ಆದ್ರ ಅಲ್ಲಿ ಎರಡೂ ವ್ಯಾನ್‌ಗೆ ಮೆಟ್ರಿಕ್ ಬ್ಯಾರೆ ಬ್ಯಾರೆ ಕೊಡಬೇಕು, ಇಲ್ಲಂದ್ರ ಏನ್ ಮಾಡಿದ್ರೂ ಕೆಲಸ ಮಾಡಂಗಿಲ್ಲ. ಮತ್ತ ಫೈಬರ್ ಒಎನ್‌ಟಿನೂ 192.168.1.1, 4ಜಿ ಡಬ್ಬಿನೂ 192.168.1.1 ಇತ್ತಂದ್ರ ರೂಟರ್‌ಗೆ ಯಾವ ಕಡೆ ಹೋಗಬೇಕು ತಿಳಿಯಂಗಿಲ್ಲ, ಒಂದರದ್ದು ಬದಲಿ ಮಾಡ್ಕೊರಿ.

ಸಪ್ತಾಪುರ_ಓದುಮನಿ

ಎರಡೂ ಒಂದ ಇದ್ವು! 4ಜಿದು 192.168.50.1 ಮಾಡಿದೆ. ಡಿಎನ್‌ಎಸ್ 1.1.1.1 ಮತ್ತ 9.9.9.9 ಕೊಟ್ಟೆ. ಈಗ ಪಿಪಿಪಿಒಇ ಬಂದ್ ಮಾಡಿದ್ರ ಅರ್ಧ ನಿಮಿಷದೊಳಗ 4ಜಿ, ಮೊಬೈಲ್‌ನಾಗೂ ನೆಟ್ ಬರ್ತೈತಿ.

ಆದ್ರ ಮಾಕ್ ಟೆಸ್ಟ್ ಸೈಟ್ ಮಾತ್ರ ಲಾಗ್‌ಔಟ್ ಮಾಡ್ತೈತಿ. ಹೊಳ್ಳಿ ಫೈಬರ್ ಬಂದಾಗ ಮತ್ತೊಮ್ಮೆ ಲಾಗ್‌ಔಟ್.

ತಾರಿಹಾಳ_ಐಟಿ

ಅದು ಆಗೋದೇ. ಲೈನ್ ಬದಲಾದ್ರೆ ಹೊರಗೆ ಕಾಣೋ ಐಪಿ ಬದಲಾಗುತ್ತೆ, ಪರೀಕ್ಷೆ ಸೈಟು, ಬ್ಯಾಂಕ್ ಸೈಟು ಇಂಥವು ಸೆಷನ್‌ನ ಐಪಿಗೆ ಕಟ್ಟಿರ್ತಾವೆ. ಸೆಷನ್ ಕಡಿಯದ ಹಾಗೆ ಬೇಕು ಅಂದ್ರೆ ಎರಡೂ ಲೈನಿಂದ ಹೊರಗಿನ ಒಂದು ಸರ್ವರ್‌ಗೆ ಟನಲ್ ಹಾಕಿ ಅಲ್ಲಿಂದ ಹೊರಗೆ ಹೋಗಬೇಕು, ಅದಕ್ಕೆ ತಿಂಗಳ ಖರ್ಚಿದೆ, ರೀಡಿಂಗ್ ರೂಮಿಗೆ ನಾನಂತೂ ಹೇಳಲ್ಲ. ಹೋಗೋವಾಗಿನ ಲಾಗ್‌ಔಟ್ ತಪ್ಪಿಸೋಕೆ ಆಗಲ್ಲ, ಆದ್ರೆ ಬರೋವಾಗಿಂದು ನಿಮ್ಮ ಕೈಲಿದೆ.

ಗೋಕುಲರೋಡ್_ನೆಟ್

ಹೊಳ್ಳಿ ಬರೋದರ ಬಗ್ಗೆ ಯಾರೂ ವಿಚಾರ ಮಾಡಂಗಿಲ್ಲ, ಇದ ಎಲ್ಲಾದಕ್ಕಿಂತ ಕೆಟ್ಟ ತ್ರಾಸು. ಫೈಬರ್ ಕೂಡಸೋ ಹುಡುಗ ಜಾಯಿಂಟ್ ಮಾಡ್ತಿರ್ತಾನ, ಲೈಟ್ ಬರ್ತೈತಿ ಹೋಗ್ತೈತಿ ಬರ್ತೈತಿ, ರೂಟರ್ ಪ್ರತಿ ಸಲ ಆ ಕಡೆ ಈ ಕಡೆ ಜಿಗೀತೈತಿ. ಒಂದ ಲೈನ್ ಪೂರ್ತಿ ಸತ್ತಿದ್ರ ಇಷ್ಟು ತ್ರಾಸ ಇರೂದಿಲ್ಲ. ಹೋಗಾಕ ಅರ್ಧ ನಿಮಿಷ ಇಟ್ರ ಬರಾಕ ಕನಿಷ್ಠ ಐದ್ಹತ್ತು ನಿಮಿಷ ಲೈನ್ ಗಟ್ಟಿ ನಿಂತಿರ್ಬೇಕು ಅಂತ ಇಡ್ರಿ. ಅರುಬಾದಾಗ ಇದಕ್ಕ ಪ್ರಿ-ಎಂಪ್ಶನ್ ಅಂತಾರ, ಆಫ್ ಮಾಡಿದ್ರ ಈಗಿನ ಲೈನ್ ಸಾಯೋ ತನಕ ಅದರ ಮ್ಯಾಲೇ ಇರ್ತೈತಿ. ಎಂವ್ಯಾನ್3 ಒಳಗ ಡೌನ್ ಒಂದು, ಅಪ್ ಒಂದು ಬ್ಯಾರೆ ಬ್ಯಾರೆ ನಂಬರ್ ಇರ್ತಾವು, ಅಪ್ ದೊಡ್ಡದು ಇಡ್ರಿ. ಮೈಕ್ರೋಟಿಕ್‌ನಾಗ ಸ್ಕ್ರಿಪ್ಟ್ ಬರೀಬೇಕಾಗ್ತೈತಿ, ಇಲ್ಲಾ ರವಿವಾರ ಟೆಸ್ಟ್ ನಡುವ 4ಜಿಗೆ ಹೋತಂದ್ರ ಫೈಬರ್ ರೂಟ್ ಕೈಲೆ ಡಿಸೇಬಲ್ ಮಾಡಿ ಟೆಸ್ಟ್ ಮುಗದ ಮ್ಯಾಲೆ ಎನೇಬಲ್ ಮಾಡ್ರಿ. ನಾ ಆದ್ರ ಹಂಗ ಮಾಡ್ತೇನಿ.

ಹೊಳ್ಳಿದ ಮ್ಯಾಲೆ ಯಾವುದರ ಆ್ಯಪ್ ಹಂಗ ತಟಸ್ಥ ನಿಂತಿತ್ತಂದ್ರ ಹಳೇ ಕನೆಕ್ಷನ್ ಟೇಬಲ್ ಖಾಲಿ ಮಾಡ್ರಿ, ರೂಟ್ ಬದಲಾದ್ರೂ ಹಳೇ ನ್ಯಾಟ್ ಎಂಟ್ರಿ ಹಂಗ ಉಳಿದಿರ್ತಾವು, ಐಪಿ ಫೋನ್ ಇದ್ದವರಿಗೆ ಇದು ಭಾಳ ಕಾಡ್ತೈತಿ.

ಮೆಣಸಿನಕಾಯಿ_ಬ್ಯಾಡಗಿ

ಸಿಮ್ ಪ್ಲಾನ್ ನೋಡ್ಕೊರಿ ಓದುಮನಿಯವ್ರ. ದಿನಕ್ಕ 2 ಜಿಬಿ ಸಿಮ್ ಹಾಕಿದ್ರ 60 ಮಂದಿ ಅದನ್ನ ಚಾ ಕುಡಿಯೋದ್ರೊಳಗ ಮುಗಿಸ್ತಾರ, ಆಮ್ಯಾಲ 64 ಕೆಬಿಪಿಎಸ್, ಮತ್ತ ಅದ ಕಥಿ, ಪಿಂಗ್ ಹೋಗ್ತೈತಿ ಪೇಜ್ ಬರಂಗಿಲ್ಲ. 4ಜಿಗೆ ಹೋದಾಗ ವಿಡಿಯೋ, ಮೊಬೈಲ್ ಅಪ್‌ಡೇಟ್ ಎಲ್ಲಾ ಬಂದ್ ಮಾಡ್ರಿ, ಗೆಸ್ಟ್ ಎಸ್‌ಎಸ್‌ಐಡಿ ಆ ಲೈನ್ ಮ್ಯಾಲೆ ಬಿಡಲೇಬ್ಯಾಡ್ರಿ. ಟೆಸ್ಟ್ ಬರಿಯೋ ಕಂಪ್ಯೂಟರ್‌ಗೆ ಮಾತ್ರ ದಾರಿ ಕೊಡ್ರಿ.

ಉಣಕಲ್ ಅಣ್ಣ, ಚಾನೆಲ್ ಆಟೋ ಇತ್ತು, 100ರ ಮ್ಯಾಲೆ ಕುಂತಿತ್ತು. 153 ಮಾಡಿದೆ.

ಉಣಕಲ್_ಕೆರಿದಂಡಿ

ಚಲೋ ಆತು. ಎರಡು ಫೈಬರ್ ತಗೊಂಡು ನಿಶ್ಚಿಂತೆ ಆಗೋ ವಿಚಾರ ಇದ್ದವ್ರಿಗೆ ಒಂದು ಮಾತು. ಎರಡು ಕಂಪನಿ ಬಿಲ್ ಬ್ಯಾರೆ ಇರಬಹುದು, ಕಂಬ ಒಂದ ಇರ್ತೈತಿ. ಮನಿಂದ ಹೊರಗ ಬಂದು ಎರಡೂ ವೈರ್ ಎಲ್ಲಿ ತನಕ ಜೊತಿ ಹೋಗ್ತಾವು ನಡಕೋತ ಹೋಗಿ ನೋಡ್ರಿ. ಮಿರ್ಚಿಭಜಿ ನಗೆಚಾಟಿಕಿ ಮಾಡ್ಯಾರ ಆದ್ರ ಮಾತು ಬರೋಬ್ಬರಿ ಐತಿ.

ಕರೆಂಟಿಂದೂ ಹಂಗ. ಒಎನ್‌ಟಿಗೆ 12 ವೋಲ್ಟ್ ಮಿನಿ ಯುಪಿಎಸ್ ಹಚ್ತಾರ, ಪಿಒಇ ಸ್ವಿಚ್ ಮರೀತಾರ, ಕರೆಂಟ್ ಹೋದ್ರ ನೆಟ್ ಐತಿ ವೈಫೈ ಇಲ್ಲ. ಪಾನ್ ಫೈಬರ್ (ಒಂದ ಫೈಬರ್ ಒಡೆದು ಹಲವು ಮನಿಗೆ ಹಂಚೋ ಪದ್ಧತಿ) ಇದ್ರ ದಾರ್ಯಾಗಿನ ಸ್ಪ್ಲಿಟರ್‌ಗೆ ಕರೆಂಟ್ ಬೇಕಾಗಿಲ್ಲ, ಅದು ಬರೀ ಗಾಜಿನ ಕೆಲಸ. ಆದ್ರ ನಿಮ್ಮ ಓಣಿ ಕೇಬಲ್‌ನವ ಕಂಬದ ಮ್ಯಾಲಿನ ಡಬ್ಬ್ಯಾಗ ಸ್ವಿಚ್ ಇಟ್ಟು ಅಲ್ಲಿಂದ ಲ್ಯಾನ್ ಕೇಬಲ್ ಎಳೆದಿದ್ರ, ಓಣಿ ಕರೆಂಟ್ ಹೋದಾಗ ನಿಮ್ಮ ಯುಪಿಎಸ್ ಏನೂ ಉಪಯೋಗಿಲ್ಲ. ಮನ್ಯಾಗ ಬರೋ ವೈರ್ ತೆಳ್ಳಗಿನ ಫೈಬರೋ ಲ್ಯಾನೋ ನೋಡಿದ್ರ ಗೊತ್ತಾಗ್ತೈತಿ.

ನವನಗರದವ

ಟೆಸ್ಟ್ ಮಾಡಾಕ ಫೈಬರ್ ವೈರನ ಕಿತ್ತು ನೋಡಬಹುದೇನ್ರಿ? ಪಿಪಿಪಿಒಇ ಪಾಸ್‌ವರ್ಡ್ ನಮ್ಮ ಕಡೆ ಇಲ್ಲ, ಒಎನ್‌ಟಿ ಲಾಗಿನ್ನೂ ಕೊಟ್ಟಿಲ್ಲ.

ಗೋಕುಲರೋಡ್_ನೆಟ್

ಹಸರ ಕನೆಕ್ಟರ್ ಮೆಲ್ಲಗ ಎಳದ್ರ ಬರ್ತೈತಿ. ತುದಿ ಮುಟ್ಟಬ್ಯಾಡ್ರಿ, ಧೂಳ ಬಿದ್ರ ಸಿಗ್ನಲ್ ಇಳೀತೈತಿ, ಕ್ಯಾಪ್ ಹಾಕಿ ಇಡ್ರಿ. ಒಳಗ ಬೆಳಕ ಐತೇನು ಅಂತ ಕಣ್ಣ ಹಚ್ಚಿ ನೋಡಾಕ ಹೋಗಬ್ಯಾಡ್ರಿ ಮತ್ತ, ಜಿಪಾನ್ ಒಳಗ ಬರೋದು 1490 ನ್ಯಾನೋಮೀಟರ್, ಅದು ಕಣ್ಣಿಗೆ ಕಾಣಂಗಿಲ್ಲ ಆದ್ರ ಲೇಸರ್ ಲೇಸರ. ವೈರ್ ಜಾಸ್ತಿ ಮಡಚಬ್ಯಾಡ್ರಿ. ಲ್ಯಾನ್ ಕೇಬಲ್ ಕಿತ್ತು ಟೆಸ್ಟ್ ಪಾಸ್ ಅಂತ ಹೇಳೋದಕ್ಕಿಂತ ಇದು ನೂರು ಪಾಲು ಚಲೋ, ಒಎನ್‌ಟಿ ಆನ್ ಇದ್ದು ನೆಟ್ ಇಲ್ಲದ ಸ್ಥಿತಿ ಇದ.

ಸಪ್ತಾಪುರ_ಓದುಮನಿ

ನಾನೂ ಹಂಗ ಮಾಡಿ ನೋಡಿದೆ. ಹಸರ ಕನೆಕ್ಟರ್ ತಗದೆ, ಎಲ್‌ಒಎಸ್ ಕೆಂಪ ಆತು, ಸುಮಾರು ಅರ್ಧ ನಿಮಿಷದಾಗ 4ಜಿ ಬಂತು, ಟೆಸ್ಟ್ ಕಂಪ್ಯೂಟರ್‌ನಾಗ ಮಾತ್ರ ನೆಟ್, ಮೊಬೈಲ್‌ಗೆ ಬಂದ್. ಮೊಬೈಲ್ ಹಿಡ್ಕೊಂಡು ಕುಂತೋರು ಒಬ್ಬೊಬ್ಬರ ತಲಿ ಎತ್ತಿ ನೋಡಾಕತ್ರು. ಹೊಳ್ಳಿ ಹಚ್ಚಿದ ಮ್ಯಾಲೆ ಫೈಬರ್ ರೂಟ್ ಕೈಲೇ ಆನ್ ಮಾಡೋ ಹಂಗ ಬಿಟ್ಟೇನಿ ಈ ರವಿವಾರ ತನಕ. ಎಪಿ ಮೂರೂ ನೆಟ್‌ವರ್ಕ್ ಅಸೈನ್ಡ್ ಬ್ರಿಡ್ಜ್, ಯುಎಸ್‌ಬಿ ಡಾಂಗಲ್ ತಗದೆ, ಎಪಿಯ ಇಂಟರ್ನೆಟ್ ಫೇಲ್‌ಓವರ್ ಆಫ್. ಆಫ್ ಇದ್ರ ಏನರ ತೊಂದ್ರಿ ಐತೇನ್ರಿ?

ತಾರಿಹಾಳ_ಐಟಿ

ಇಲ್ಲ, ಆಫ್ ಇರೋದೇ ಸರಿ. ನಿರ್ಧಾರ ಒಂದೇ ಜಾಗದಲ್ಲಿ ಆಗಬೇಕು. ಎಪಿನೂ ರೂಟರ್ರೂ ಇಬ್ಬರೂ ಪಿಂಗ್ ನೋಡಿ ಇಬ್ಬರೂ ಬೇರೆ ಬೇರೆ ಕಡೆ ಜಿಗಿದ್ರೆ ಯಾರು ಏನು ಮಾಡಿದ್ರು ಅಂತ ಲಾಗ್ ನೋಡಿದ್ರೂ ತಿಳಿಯಲ್ಲ. ರೂಟರ್ ಕಾನ್ಫಿಗ್ ಎಕ್ಸ್‌ಪೋರ್ಟ್ ಮಾಡಿ ಒಂದು ಕಾಪಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ.

ಮಿರ್ಚಿಭಜಿ_ಪ್ರೇಮಿ

ಅಂದಂಗ ಆ ತಗದ ಡಾಂಗಲ್ ಮಾರ್ತೀರೇನ್ರಿ? ನಮ್ಮ ಗಾಡಿ ಮುಂದ ಸಿಸಿಟಿವಿ ಹಾಕೋದೈತಿ.

ಸಪ್ತಾಪುರ_ಓದುಮನಿ

ಇಲ್ರಿ, ಅದನ್ನ ಸ್ಪೇರ್ ಇಟ್ಕೋತೇನಿ. ಸಿಸಿಟಿವಿಗೆ ಸಿಮ್ ಹಾಕೋ ರೂಟರ ಬ್ಯಾರೆ ಸಿಗ್ತಾವು, ದುರ್ಗದಬೈಲ್ ಕಡೆ ವಿಚಾರಸ್ರಿ. ಬರೀ ಅಪ್‌ಲೋಡ್ ಸ್ಪೀಡ್ ಎಷ್ಟ ಬರ್ತೈತಿ ಅಂತ ಮೊದಲ ಮೊಬೈಲ್ ಹಿಡದು ಅದ ಜಾಗಾದಾಗ ನಿಂತು ನೋಡ್ಕೊರಿ, ಸಿಸಿಟಿವಿಗೆ ಅದ ಮುಖ್ಯ.